ಹಿಮದ ಮುಂದೆ ನನ್ನ ಚೌಕಾಸಿ

"ಐದು ಹೆಂಗಸರಿಗೆ ಐದು ಎಂತಕ್ಕೆ ಮಾರಾಯ್ತಿ? ಮೂರು ಸಾಕು. ಹೇಗೂ ಒಟ್ಟಿಗೇ ಇರ್ತೇವಲ್ಲ."

ಮುಂಬೈ ಪಕ್ಕದ ಠಾಣೆ ಊರಿನಲ್ಲಿ ಟ್ರೆಕ್ಕಿಂಗ್ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ನಿಂತು ನಾನು ಮಗಳಿಗೆ ಹೇಳಿದ ಮಾತು ಇದು. ಅಂಗಡಿಯವನು ನಗು ತಡೆಯಲಾರದೆ ಬೆನ್ನು ತಿರುಗಿಸಿದ. ಮಗಳು ನಗಲಿಲ್ಲ.

"ಅಮ್ಮ, ಇದು ಛತ್ರಿ ಅಲ್ಲ, ಇಬ್ಬರು ಒಂದರ ಅಡಿಯಲ್ಲಿ ನಿಲ್ಲೋದಕ್ಕೆ."

ಆ ವಸ್ತುವಿನ ಹೆಸರು ಬೀಕನ್. ಸಾಬೂನಿನ ಡಬ್ಬಿಗಿಂತ ಸ್ವಲ್ಪ ದೊಡ್ಡದು, ಪಟ್ಟಿ ಹಾಕಿ ಎದೆಗೆ ಕಟ್ಟಿಕೊಳ್ಳುವಂಥದ್ದು. ಬೆಟ್ಟದ ಮೇಲಿನ ಹಿಮ ಜಾರಿ ಬಂದು ಯಾರನ್ನಾದರೂ ಹೂತು ಹಾಕಿದರೆ ಅವರ ಎದೆಯ ಬೀಕನ್ ಒಳಗಿನಿಂದಲೇ ಸಂಕೇತ ಕಳಿಸುತ್ತದೆ. ಮೇಲಿದ್ದವರ ಬೀಕನ್ ಅದನ್ನು ಹಿಡಿದು ಬಾಣದ ಗುರುತು ತೋರಿಸುತ್ತದೆ. ಇಬ್ಬರಿಗೆ ಒಂದೇ ಇದ್ದರೆ? ಹೂತವಳ ಹತ್ತಿರ ಇದ್ದರೆ ಹುಡುಕುವವಳ ಕೈ ಖಾಲಿ. ಹುಡುಕುವವಳ ಹತ್ತಿರ ಇದ್ದರೆ ಹೂತವಳ ಸದ್ದೇ ಇಲ್ಲ. ಇಷ್ಟು ಸರಳ ಲೆಕ್ಕ ನನ್ನ ತಲೆಗೆ ಹೋಗಲಿಲ್ಲ, ಯಾಕೆಂದರೆ ಆಗ ನನ್ನ ತಲೆ ಬಾಡಿಗೆ ಇಳಿಸುವುದರಲ್ಲಿತ್ತು.

ನನ್ನ ಕಸುಬೇ ಅದು. ಮದುವೆಯಾಗಿ ಕರಾವಳಿಯಿಂದ ಈ ಕಡೆಗೆ ಬಂದಾಗ ನಮ್ಮವರು ಹೋಟೆಲ್ ಒಂದರ ಗಲ್ಲೆಯಲ್ಲಿ ಕೂರುತ್ತಿದ್ದರು. ನಾನು ಕಳಂಬೋಲಿಯ ಉಕ್ಕಿನ ಮಾರುಕಟ್ಟೆಗೆ ಊಟದ ಡಬ್ಬಿ ಕಳಿಸಲು ಶುರುಮಾಡಿದೆ. ಅಲ್ಲಿ ಮಳೆ ಬಂದಾಗಲೆಲ್ಲ ಟ್ರೇಲರ್ ಚಾಲಕರು ಹಗ್ಗಕ್ಕೂ ತಾಡಪತ್ರಿಗೂ ಓಡಾಡುವುದನ್ನು ನೋಡಿದೆ. ಎರಡು ಮಳೆಗಾಲ ನೋಡಿದ ಮೇಲೆ ಡಬ್ಬಿ ಬಿಟ್ಟು ಹಗ್ಗ, ತಾಡಪತ್ರಿ, ಹೊರೆ ಜಾರದಂತೆ ಒತ್ತು ಕೊಡುವ ಮರದ ಗುಟ್ಟ ಮಾರುವ ಅಂಗಡಿ ಹಾಕಿದೆ. ಆ ಮಾರುಕಟ್ಟೆಯಲ್ಲಿ ನಾನು ಕಲಿತ ದೊಡ್ಡ ಪಾಠ ಏನೆಂದರೆ, ಎದುರಿನವನು "ಇಲ್ಲ" ಅಂದರೆ ಅದು ಅವನ ಮೊದಲ ದರ. ಮಾತು ಅಲ್ಲಿಂದ ಶುರು. ನಿಮಗೂ ಹೇಳುತ್ತೇನೆ, ಪ್ರಪಂಚದ ನೂರು ವಿಷಯಗಳಲ್ಲಿ ಇದು ನಡೆಯುತ್ತದೆ. ನಡೆಯದ ಜಾಗ ಯಾವುದು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಗಳು ಪರ್ವತಾರೋಹಣದ ತರಬೇತಿ ಮುಗಿಸಿ, ಮೂರು ವರ್ಷ ಬೇರೆಯವರ ತಂಡಗಳಲ್ಲಿ ಸಹಾಯಕಿಯಾಗಿ ದುಡಿದಿದ್ದಳು. ಆ ಚಳಿಗಾಲ ಟ್ರೆಕ್ಕಿಂಗ್ ಸಂಸ್ಥೆಯವರು ಮೊದಲ ಬಾರಿಗೆ ಅವಳ ಹೆಸರಿನಲ್ಲಿ ಒಂದು ತಂಡ ಕೊಟ್ಟರು. ಹೊಸ ಲೀಡರ್ ಜೊತೆ ಹಿಮಕ್ಕೆ ಬರುವವರು ಯಾರು? ನಾನೇ ಜನ ಸೇರಿಸಿದೆ. ಖಾರಘರದ ಗುಡ್ಡಕ್ಕೆ ಬೆಳಿಗ್ಗೆ ನಡೆಯಲು ಬರುವ ನಮ್ಮ ಗುಂಪಿನಿಂದ ಇಬ್ಬರು ಓರಗಿತ್ತಿಯರು, ಡೊಂಬಿವಲಿಯಿಂದ ಒಬ್ಬರು ನಿವೃತ್ತ ಟೀಚರ್, ಮತ್ತೆ ಪ್ರತಿ ರವಿವಾರ ಠಾಣೆಯಿಂದ ಟ್ರೇನ್ ಹಿಡಿದು ನಮ್ಮ ಗುಡ್ಡ ಹತ್ತಲು ಬರುವ ಕೋಪರಿಯ ಅಕ್ಕ. ನಾನು ಐದನೆಯವಳು. ಎಲ್ಲರಿಗೂ ಐವತ್ತರ ಆಚೆಈಚೆ ವಯಸ್ಸು. ಎಲ್ಲರಿಗೂ ಬಾಯಿ ಗಟ್ಟಿ.

ಇದು ಸರಿಯಾಗಿ ಆದರೆ ಮುಂದೆ ಚಳಿಗಾಲದ ತಂಡಗಳು ಅವಳಿಗೆ. ನಮ್ಮಲ್ಲಿ ಒಬ್ಬರಿಗೆ ಏನಾದರೂ ಆದರೆ ತಂಡ ಹಾಗಿರಲಿ, ಅವಳಿಗೆ ಜೀವನಪೂರ್ತಿ ನಿದ್ದೆ ಇಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ್ದು ನೋಡಿ.

ಹೊರಡುವ ಮೊದಲು ನಾಲ್ಕು ರವಿವಾರ ತಾಲೀಮು. ಹಿಮ ಇಲ್ಲದ ಊರಿನಲ್ಲಿ ಹಿಮದ ತಾಲೀಮು ಎಲ್ಲಿ? ನಮ್ಮ ಕಟ್ಟಡದ ಪಕ್ಕ ಹೊಸ ಟವರ್ ಏಳುತ್ತಿತ್ತು. ಅಲ್ಲಿ ಮರಳಿನ ರಾಶಿ ಇತ್ತು. ಕಾವಲಿನವನಿಗೆ ಚಹಾ ಕುಡಿಸಿ ಒಳಗೆ ಹೋದೆವು. ಮಗಳು ಒಂದು ಬೀಕನ್ನನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮರಳಲ್ಲಿ ಹೂತಳು. ನಾವು ಎದೆಯ ಬೀಕನ್ ತೆಗೆದು ಹುಡುಕುವ ಗುಂಡಿ ಒತ್ತಿ, ಬಾಣ ತೋರಿಸಿದತ್ತ ಓಡಬೇಕು. ಹತ್ತಿರ ಬಂದ ಮೇಲೆ ಬಗ್ಗಿ ಮರಳಿನ ಮೇಲೆಯೇ ಸಾಧನ ಆಡಿಸಬೇಕು, ಮಡಚುವ ಉದ್ದ ಕೋಲು ಚುಚ್ಚಿ ನೋಡಬೇಕು, ತಾಗಿದರೆ ಅಗೆಯಬೇಕು.

"ಏನು ಮೇಡಂ, ಚಿನ್ನ ಕಳೆದುಹೋಯ್ತಾ?" ಎಂದ ಕಾವಲಿನವನು ಹಿಂದಿಯಲ್ಲಿ.

"ಅಲ್ಲಪ್ಪ, ನಾವೇ ಕಳೆದುಹೋಗೋದಕ್ಕೆ ತಯಾರಿ," ಎಂದಳು ಕೋಪರಿಯ ಅಕ್ಕ.

ಹುಡುಕುವುದು ಬೇಗ ಬಂತು. ಅಗೆಯುವುದು ಬರಲಿಲ್ಲ. ಸಲಿಕೆ ತುಂಬ ಮರಳು ಎತ್ತಿ ಹಿಂದಕ್ಕೆ ಎಸೆದು, ಎಸೆದಷ್ಟು ಮರಳು ಹಿಂದಿನವಳ ಮುಖಕ್ಕೆ ಬಿದ್ದು, ಎರಡು ನಿಮಿಷಕ್ಕೆ ಎಲ್ಲರಿಗೂ ಏದುಸಿರು. ಸಿಮೆಂಟಿನ ಚೀಲದ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದ ಕಲಬುರಗಿ ಕಡೆಯ ಒಬ್ಬ ಕೂಲಿ ಹೆಂಗಸು ಇದನ್ನು ನೋಡಿ ತಡೆಯಲಾರದೆ ಎದ್ದು ಬಂದಳು.

"ಯಾಕ್ರೀ ಅಕ್ಕಾರ, ಹಿಂಗ ಎತ್ತಿದ್ರ ನಡಾ ಮುರೀತದ. ಎತ್ತಬ್ಯಾಡ್ರಿ, ನೂಕ್ರಿ. ಒಬ್ಬಾಕಿ ಮುಂದ ನಿಂದ್ರಿ, ಉಳದಾಕಿಗೋಳು ಹಿಂದ ಸಾಲ್ ಹಿಡೀರಿ. ಮುಂದಿನಾಕಿ ನೂಕಿದ್ದು ಹಿಂದಿನಾಕಿ ನೂಕಬೇಕು. ನೀರು ಹರದಂಗ ಹೋಗಬೇಕು ಮಣ್ಣು."

ಸಲಿಕೆ ಕಸಿದುಕೊಂಡು ತೋರಿಸಿಯೇ ಬಿಟ್ಟಳು. ದೋಣಿಗೆ ಹುಟ್ಟು ಹಾಕುವ ಹಾಗೆ ಪಕ್ಕಕ್ಕೆ, ಹಿಂದಕ್ಕೆ. ಮಗಳು ಬಾಯಿ ಬಿಟ್ಟು ನಿಂತಳು. "ಅಮ್ಮ, ನಮಗೆ ಕೋರ್ಸಿನಲ್ಲಿ ಹೇಳಿಕೊಟ್ಟಿದ್ದು ಎಗ್ಸಾಕ್ಟ್ಲಿ ಇದೇ!" ಅಂದಳು. ಆಮೇಲೆ ಮೂರು ರವಿವಾರ ಆ ಹೆಂಗಸೇ ನಮ್ಮ ಅಗೆಯುವ ಗುರು. "ಜಲ್ದಿ, ಜಲ್ದಿ! ಒಳಗಿರಾಕಿ ಉಸರ ಹಿಡ್ಕೊಂಡಾಳ!" ಎಂದು ಕೂಗಿ ಕೂಗಿ ನಮ್ಮ ಬೆವರಿಳಿಸಿದಳು. ಹಿಮದಡಿ ಸಿಕ್ಕವರಿಗೆ ಇರುವುದು ಕೆಲವೇ ನಿಮಿಷ. ಕೆಳಗಿನ ಊರಿನಿಂದ ಸಹಾಯ ಬರುವ ತನಕ ಕಾಯುವ ಹಾಗಿಲ್ಲ, ತೆಗೆಯುವವರು ಜೊತೆಯಲ್ಲಿದ್ದವರೇ. ಅದಕ್ಕೇ ಅಷ್ಟು ಅವಸರ.

ನಾವು ಹತ್ತಬೇಕಿದ್ದ ಶಿಖರದ ಬುಡದ, ಹಿಮಾಚಲದ ಕಣಿವೆ ಮುಟ್ಟಿದ ದಿನವೇ ಹಿಮ ಬೀಳಲು ಶುರುವಾಯಿತು. ಹಿಮ ಎಂದರೆ ನಾನು ಟಿವಿಯಲ್ಲಿ ನೋಡಿದ ಮೆಲ್ಲಗೆ ತೇಲುವ ಹತ್ತಿ ಎಂದುಕೊಂಡಿದ್ದೆ. ಇದು ಅಡ್ಡಡ್ಡ ಬೀಸುತ್ತಿತ್ತು. ಇಳಿದುಕೊಂಡ ಮನೆಯಲ್ಲಿ ಬುಖಾರಿ ಒಲೆಯ ಸುತ್ತ ಕೂತು ಎರಡು ದಿನ ಕಳೆದೆವು. ಮೂರನೆಯ ಬೆಳಿಗ್ಗೆ ಬೀಳುವುದು ಕಡಿಮೆಯಾಯಿತು, ಗಾಳಿ ಮಾತ್ರ ಬಿಡಲಿಲ್ಲ. ಮಗಳು ಆ ಊರಿನವನೇ ಆದ ಗೈಡ್ ಭಯ್ಯಾನ ಜೊತೆ ಹೊರಗೆ ಹೋಗಿ ನೋಡಿ ಬಂದು ಹೇಳಿದಳು: "ಇವತ್ತು ಇಲ್ಲ, ನಾಳೆನೂ ಇಲ್ಲ. ಹೊಸ ಹಿಮ ಜಾಸ್ತಿ ಬಿದ್ದಿದೆ. ಗಾಳಿ ಅದನ್ನೆಲ್ಲ ಗುಡಿಸಿ ನಮ್ಮ ಕಡೆಯ ಇಳಿಜಾರಿನ ಮೇಲೆ ಹೇರ್ತಾ ಇದೆ. ಅದು ಕೂರೋದಕ್ಕೆ ಟೈಮ್ ಬೇಕು."

ನಾಲ್ಕು ಜೊತೆ ಕಣ್ಣು ನನ್ನತ್ತ ತಿರುಗಿದವು. ಖರೀದಿಗೆ ಹೋದಾಗಲೂ ಇವರು ಹೀಗೆಯೇ ನನ್ನನ್ನು ಮುಂದೆ ಬಿಡುತ್ತಾರೆ.

ನಾನು ಶುರುಮಾಡಿದೆ. ಪೂರ್ತಿ ಶಿಖರ ಬೇಡ ಮಗಾ, ಅರ್ಧ? ಇಲ್ಲ. ಎಲ್ಲರೂ ಬೇಡ, ಗಟ್ಟಿ ಇರುವ ಮೂವರು? ಇಲ್ಲ. ಇಳಿಜಾರಿಗೆ ಕಾಲೇ ಇಡುವುದಿಲ್ಲ, ಕಾಡಿನ ಒಳಗೇ ಸ್ವಲ್ಪ ಕಾಲಾಡಿಸಿಕೊಂಡು ಬರುವಾ, ಎರಡು ದಿನ ಕೂತು ಮಂಡಿ ಹಿಡಿದಿದೆ, ಟೀಚರ್‌ಗೆ ಸಂಧಿವಾತ ಬೇರೆ? ಟೀಚರ್ ಕೂಡಲೇ ಮಂಡಿ ಹಿಡಿದುಕೊಂಡು ಮುಖ ಕಿವುಚಿದರು. ಮಗಳು ಭಯ್ಯಾನ ಮುಖ ನೋಡಿದಳು. ಅವನು ದಟ್ಟ ಮರಗಳಿರುವ, ಏರು ಕಡಿಮೆ ಇರುವ ಕಾಡಿನ ದಾರಿ ಆದೀತು ಎಂದ.

"ಕಾಡಿನ ಅಂಚಿನ ತನಕ. ಮರದಿಂದ ಆಚೆ ಒಂದು ಹೆಜ್ಜೆಯೂ ಇಲ್ಲ," ಎಂದಳು ಮಗಳು.

ಗೆದ್ದೆ ಎಂದು ನಾನು ಬೂಟು ಹಾಕಿಕೊಂಡೆ. ನನ್ನ ಚೀಲದಲ್ಲಿ ಕಳಂಬೋಲಿಯ ನಮ್ಮ ಅಂಗಡಿಯ ಒಳ್ಳೆಯ ನೈಲಾನ್ ಹಗ್ಗ ಒಂದು ಸುರುಳಿ ಇತ್ತು. ಯಾರೂ ತಾ ಎನ್ನಲಿಲ್ಲ, ನಾನೇ ತಂದಿದ್ದೆ. ಹಗ್ಗ ಇದ್ದರೆ ಎಂಥ ಹೊರೆಯೂ ಜಾರದು ಎಂಬ ನಂಬಿಕೆ ನನ್ನದು.

ಕಾಡು ಮುಗಿಯುವಲ್ಲಿ ಒಂದು ತಗ್ಗು ಹಳ್ಳ, ಹಿಮ ತುಂಬಿ ಬಹುತೇಕ ಸಪಾಟಾಗಿತ್ತು. ಹಳ್ಳದ ಮೇಲ್ಗಡೆ ಮರವಿಲ್ಲದ ಬೋಳು ಇಳಿಜಾರು. ಹಳ್ಳದ ಆಚೆ ಒಂದು ದಿಬ್ಬ, ದಿಬ್ಬದ ಮೇಲೆ ದೊಡ್ಡ ಬಂಡೆ, ಬಂಡೆಗೆ ಕಟ್ಟಿದ ಬಣ್ಣಬಣ್ಣದ ಬಾವುಟಗಳು ಗಾಳಿಗೆ ಪಟಪಟ. ಲೋಕಲ್ ಟ್ರೇನಿನ ಎರಡು ಡಬ್ಬಿಯಷ್ಟು ದೂರ, ಅಷ್ಟೇ.

ಮಗಳು ಮರಗಳ ನಡುವೆ ಹಿಮದಲ್ಲಿ ಗುಂಡಿ ತೋಡಿ ಪರೀಕ್ಷೆಗೆ ಕೂತಳು. ಗುಂಡಿಯ ಗೋಡೆ ತೋರಿಸಿ, "ನೋಡಿ, ಕೆಳಗೆ ಹಳೆಯ ಗಟ್ಟಿ ಹಿಮ, ಮೇಲೆ ಹೊಸ ಭಾರ, ಮಧ್ಯೆ ಸಕ್ಕರೆ ಹಾಗೆ ಉದುರೋ ಒಂದು ಪದರ. ಅದಕ್ಕೆ ಹಿಡಿತವೇ ಇಲ್ಲ," ಎಂದಳು. ಅದು ನನಗೆ ಥಟ್ಟನೆ ಅರ್ಥವಾಯಿತು. ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿದ ಉಕ್ಕಿನ ಶೀಟುಗಳನ್ನು ಒಂದರ ಮೇಲೊಂದು ಪೇರಿಸಿದ ಟ್ರೇಲರ್ ಸ್ವಲ್ಪ ಓರೆಯಾದರೆ ಏನಾಗುತ್ತದೆ ಎಂದು ಕಳಂಬೋಲಿಯಲ್ಲಿ ಎಲ್ಲರಿಗೂ ಗೊತ್ತು. ಮೇಲಿನ ಅಷ್ಟೂ ಶೀಟು ಒಟ್ಟಿಗೇ ಹೊರಡುತ್ತದೆ, ಕೆಳಗಿದ್ದವರು ಹಾರಿಕೊಳ್ಳಬೇಕು. ಇಷ್ಟು ಅರ್ಥವಾದವಳು ಮುಂದಿನದ್ದನ್ನೂ ಅರ್ಥಮಾಡಿಕೊಳ್ಳಬೇಕಿತ್ತು. ಆದರೆ ನಾನು ಯೋಚಿಸಿದ್ದು ಬೇರೆ: ಜಾರುವುದು ಓರೆಯಾದ ಜಾಗದಲ್ಲಿ ತಾನೇ? ಹಳ್ಳ ಸಪಾಟಿದೆ. ಸಪಾಟಿನಲ್ಲಿ ಹೋದರೆ ಎಂತ?

ಮಗಳು ಗುಂಡಿಯೊಳಗೆ ಬೆನ್ನು ಹಾಕಿದ್ದಳು. ಭಯ್ಯಾ ಮೇಲಿನ ಮರಗಳತ್ತ ಹೋಗಿದ್ದ. ಟೀಚರ್ ಮಗಳ ಪಕ್ಕ ನಿಂತು ಪ್ರಶ್ನೆ ಕೇಳುತ್ತಿದ್ದರು. ನಾನು ಕೋಪರಿಯ ಅಕ್ಕನಿಗೆ ಕಣ್ಣು ಮಿಟುಕಿಸಿದೆ. "ಬಂಡೆ ಹತ್ರ ಒಂದೇ ಫೋಟೋ. ಅವಳು ತಿರುಗೋದರೊಳಗೆ ವಾಪಸ್." ಇಬ್ಬರು ಓರಗಿತ್ತಿಯರೂ ಹಿಂದೆಯೇ ಬಂದರು. ನಾಲ್ವರೂ ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು, ಶಾಲೆ ತಪ್ಪಿಸಿದ ಹುಡುಗಿಯರ ಹಾಗೆ ಕಿಸಿಕಿಸಿ ನಗುತ್ತಾ ಹಳ್ಳ ದಾಟಿದೆವು.

ದಿಬ್ಬಕ್ಕೆ ಕಾಲಿಟ್ಟೆವಷ್ಟೇ. ಕಾಲಡಿ 'ಧುಪ್!' ಎಂದಿತು.

ಟ್ರಕ್ಕಿನಿಂದ ತುಂಬಿದ ಗೋಣಿಚೀಲ ನೆಲಕ್ಕೆ ಬಿಟ್ಟ ಸದ್ದು, ಆದರೆ ನೆಲದ ಒಳಗಿನಿಂದ. ಹಳ್ಳದ ಹಿಮವೆಲ್ಲ ಒಟ್ಟಿಗೆ ಎರಡು ಬೆರಳು ಕೆಳಗೆ ಕುಸಿಯಿತು. ಕಣ್ಣೆದುರೇ ಒಂದು ಗೆರೆ ಹಳ್ಳದಿಂದ ಹೊರಟು, ಬಟ್ಟೆ ಹರಿದ ಹಾಗೆ ಸರ್ರನೆ ಇಳಿಜಾರಿನ ಮೇಲಕ್ಕೆ ಓಡಿತು. ಮೇಲೆ ಬಲಗಡೆ ಒಂದು ತುಂಡು ಕಳಚಿ ಜಾರಿ ಬಂದು, ನಾವು ಈಗಷ್ಟೇ ನಡೆದು ಬಂದ ಹೆಜ್ಜೆಗುರುತಿನ ಸ್ವಲ್ಪ ಮೇಲೆ ನಿಂತಿತು. ಉಳಿದದ್ದು ಮೇಲೆಯೇ ತೂಗುತ್ತಿತ್ತು.

"ಅಲ್ಲೇ ನಿಲ್ಲಿ! ಬಂಡೆ ಹಿಂದೆ!" ಕಾಡಿನಂಚಿನಿಂದ ಮಗಳ ಕೂಗು.

ಬಂಡೆಯ ಹಿಂದೆ ಸೇರಿದೆವು. ಸದ್ಯಕ್ಕೆ ಅಲ್ಲಿ ಏನೂ ಆಗದು, ಆದರೆ ಅಲ್ಲೇ ಇರುವ ಹಾಗೂ ಇಲ್ಲ. ಗಾಳಿ ಇಳಿಜಾರಿನ ಮೇಲೆ ಇನ್ನಷ್ಟು ಹೇರುತ್ತಿತ್ತು, ದಿಬ್ಬದಿಂದ ಬೇರೆ ದಾರಿ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮಗಳು ಹಳ್ಳದ ಕೆಳಭಾಗದಲ್ಲಿ, ಇಳಿಜಾರಿನಿಂದ ದೂರ ಇರುವ ಒಂದು ಮರದ ಬುಡದಲ್ಲಿ ಕಾಣಿಸಿಕೊಂಡಳು. ಭಯ್ಯಾ ಮೇಲೆ ಮರಗಳ ನಡುವೆ ನಿಂತು ಇಳಿಜಾರನ್ನೇ ದಿಟ್ಟಿಸುತ್ತಿದ್ದ. ಏನಾದರೂ ಅಲುಗಿದರೆ ಅವನು ಸೀಟಿ ಊದಬೇಕು.

"ಹೋದ ದಾರಿಯಲ್ಲಿ ಬರಬೇಡಿ! ಈ ಮರ ನೋಡಿಕೊಂಡು ಕೆಳಗಿನಿಂದ ಬನ್ನಿ! ಒಬ್ಬೊಬ್ಬರೇ!"

ಕೋಪರಿಯ ಅಕ್ಕ ನನ್ನ ತೋಳು ಹಿಡಿದುಕೊಂಡಳು. "ಒಬ್ಬೊಬ್ಬರೇ ಹೇಗೆ ಹೋಗೋದು? ಎಲ್ಲ ಕೈ ಹಿಡ್ಕೊಂಡು ಒಂದೇ ಸಲ ಓಡಿಬಿಡುವಾ!"

ನನ್ನ ತಲೆ ಅದಕ್ಕಿಂತ ಮುಂದೆ ಹೋಗಿತ್ತು. ಚೀಲದಿಂದ ಹಗ್ಗ ತೆಗೆದು ಓರಗಿತ್ತಿಯರ ಸೊಂಟಕ್ಕೆ ಸುತ್ತಲು ಶುರುಮಾಡಿದ್ದೆ.

"ಅಮ್ಮಾ! ಹಗ್ಗ ಬಿಡು! ಒಬ್ಬರನ್ನ ಎಳೆದರೆ ಎಲ್ಲರನ್ನೂ ಎಳೆಯುತ್ತೆ! ಬಿಡು ಅಂದೆ!"

ಮೂವರೂ ನನ್ನ ಮುಖ ನೋಡಿದರು. ಆ ಗಳಿಗೆಯನ್ನು ನಾನು ಮರೆಯಲಾರೆ. ಅವರು ಕಾಯುತ್ತಿದ್ದದ್ದು ಮಗಳ ಮಾತಿಗಲ್ಲ, ನನ್ನದಕ್ಕೆ. ಬೆಳಿಗ್ಗೆಯಿಂದ ಅವಳ ಮಾತಿನ ಬೆಲೆಯನ್ನು ಅವರ ಎದುರೇ ಒಂದೊಂದಾಗಿ ಇಳಿಸಿದವಳು ನಾನು. ಈಗ ಅವಳ ಮಾತು ನಡೆಯದಿದ್ದರೆ ನಾಲ್ಕು ಜನ ಒಂದೇ ಹಗ್ಗದಲ್ಲಿ ಕಟ್ಟಿಕೊಂಡು ಆ ಇಳಿಜಾರಿನ ಕೆಳಗೆ ಓಡುತ್ತೇವೆ.

ಹಗ್ಗ ಕೆಳಗೆ ಬಿಸಾಕಿದೆ. "ಅವಳು ಹೇಳಿದ ಹಾಗೇ. ಒಂದಕ್ಷರ ಆಚೆಈಚೆ ಇಲ್ಲ," ಎಂದೆ. ಕೂಗಿ ಕೇಳಿದೆ: "ನಾನು ಮೊದಲು ಬಂದು ದಾರಿ ಮಾಡ್ಲಾ?"

"ಇಲ್ಲ. ನೀನು ಕೊನೆಗೆ. ಅವರನ್ನ ಬಿಡಬೇಕಾದವಳು ನೀನು. ನಾನು ಕೈ ಎತ್ತಿದ ಮೇಲೆ ಒಬ್ಬರನ್ನ ಬಿಡು."

ಅವಳು ಕೂಗುತ್ತಾ ಹೋದಳು, ನಾನು ಮಾಡಿಸುತ್ತಾ ಹೋದೆ. ಚೀಲದ ಸೊಂಟಪಟ್ಟಿ ಬಿಚ್ಚಿ, ಬೇಕಾದರೆ ಚೀಲ ಕಳಚಿ ಎಸೆಯುವ ಹಾಗೆ. ನಡೆಯಲು ಊರುವ ಕೋಲಿನ ಪಟ್ಟಿಯಿಂದ ಕೈ ಹೊರಗೆ. ಮೂಗು ಬಾಯಿಗೆ ಬಟ್ಟೆ. ಬೀಕನ್ನಿನ ದೀಪ ಮಿನುಗುತ್ತಿದೆಯೇ ನೋಡಿ. ಮಧ್ಯೆ ನಿಲ್ಲಬೇಡಿ, ಹಿಂದೆ ತಿರುಗಬೇಡಿ. ಚಿಕ್ಕ ಓರಗಿತ್ತಿ ಮೊದಲು ಹೋದಳು, ಮಂಡಿಯವರೆಗೆ ಹೂತು ಹೂತು. ಮರ ಮುಟ್ಟಿದಳು. ಮಗಳ ಕೈ ಮೇಲೆದ್ದಿತು. ದೊಡ್ಡವಳು. ಕೈ ಎದ್ದಿತು. ಕೋಪರಿಯ ಅಕ್ಕ ಹೊರಡುವಾಗ, "ನನಗೇನಾದ್ರೂ ಆದ್ರೆ ನಿನ್ನ ಬಿಡೋದಿಲ್ಲ ನೋಡು," ಎಂದಳು. "ಮೊದಲು ಹೋಗೇ ಮಾರಾಯ್ತಿ," ಎಂದೆ.

ಕೊನೆಗೆ ನಾನೊಬ್ಬಳೇ. ಸುಳ್ಳು ಹೇಳುವುದಿಲ್ಲ, ಭಯದ ಜೊತೆ ಇನ್ನೊಂದೇನೋ ಮೈಯಲ್ಲಿ ಝುಂ ಎನ್ನುತ್ತಿತ್ತು. ಹೆಜ್ಜೆ ಎಣಿಸಲಿಲ್ಲ, ಮೇಲೆ ನೋಡಲಿಲ್ಲ, ಮಗಳ ಕೆಂಪು ಜಾಕೆಟ್ ಒಂದೇ ನೋಡಿದೆ. ಅದು ದೊಡ್ಡದಾಗುತ್ತಾ ಬಂತು. ಮರ ಮುಟ್ಟಿದಾಗ ಅವಳು ನನ್ನನ್ನು ತಬ್ಬಲಿಲ್ಲ, ಬೈಯಲೂ ಇಲ್ಲ. "ಏಳು ಜನ, ಪೂರ್ತಿ," ಎಂದು ಭಯ್ಯಾನಿಗೆ ಕೂಗಿ, ನಮ್ಮನ್ನು ಕಾಡಿನ ದಾರಿಗೆ ಹಚ್ಚಿದಳು.

ಮನೆ ಮುಟ್ಟಿ ಬೂಟು ಬಿಚ್ಚುವಾಗ ನಾನೇ ಹೇಳಿದೆ: "ಬೈದುಬಿಡು ಮಗಾ, ಹಗುರಾಗುತ್ತದೆ."

"ಬೈದರೆ ಅದರಲ್ಲೂ ಎರಡು ಮಾತು ಕಡಿಮೆ ಮಾಡು ಅಂತೀಯ," ಎಂದಳು. ಎಲ್ಲರೂ ನಕ್ಕರು. ಅವಳು ಮಾತ್ರ ಚಹಾದ ಲೋಟ ಪಕ್ಕಕ್ಕಿಟ್ಟು, ನಮ್ಮ ಬೀಕನ್‌ಗಳನ್ನು ಒಂದೊಂದಾಗಿ ಮತ್ತೆ ಪರೀಕ್ಷಿಸಲು ಕೂತಳು.

ಮರುದಿನ ಬೆಳಿಗ್ಗೆ ನೀವು ಆ ಆಕಾಶ ನೋಡಬೇಕಿತ್ತು! ತೊಳೆದಿಟ್ಟ ನೀಲಿ. ಗಾಳಿ ಸತ್ತಿತ್ತು, ಬೆಟ್ಟಗಳೆಲ್ಲ ಹೊಳೆಯುತ್ತಿದ್ದವು. ಕೋಪರಿಯ ಅಕ್ಕ ಓರಗಿತ್ತಿಯರನ್ನು ಕಟ್ಟಿಕೊಂಡು ನನ್ನ ಹತ್ತಿರ ಬಂದಳು. "ಈಗಂತೂ ಬಿರುಗಾಳಿ ಹೋಯ್ತಲ್ಲ. ನೀನು ಒಂದು ಮಾತು ಕೇಳು ಅವಳ ಹತ್ರ. ನಿನಗೆ ಮಾತಾಡೋದು ಬರ್ತದೆ."

"ಬರ್ತದೆ," ಎಂದೆ. "ಅದಕ್ಕೇ ಕೇಳೋದಿಲ್ಲ."

"ಅಯ್ಯ! ನಿನ್ನೆ ಹೆದರಿದ್ದು ಇನ್ನೂ ಇಳಿದಿಲ್ವಾ?"

"ಇಳಿದಿಲ್ಲ. ಅವಳು ನಿನ್ನೆಯೇ ಎರಡು ದಿನ ಅಂದಿದ್ದಳು. ಇದು ಎರಡನೇ ದಿನ. ಬಿಸಿಲು ಬಂದದ್ದು ನಮಗೆ, ಹಿಮ ಕೂತಿದೆ ಅಂತ ಯಾರು ಹೇಳಿದರು? ಕುರ್ಚಿ ತಾ, ಕೂತು ನೋಡುವಾ."

ಗೊಣಗುತ್ತಲೇ ಕೂತರು. ಊಟಕ್ಕೆ ಸ್ವಲ್ಪ ಮೊದಲು ಬಿಸಿಲೇರಿದಾಗ ಎದುರಿನ ಬೆಟ್ಟದಿಂದ ಗುಡುಗಿನ ಸದ್ದು ಬಂತು. ಇಡೀ ಇಳಿಜಾರಿನ ಚರ್ಮವೇ ಸುಲಿದು ಬಂದ ಹಾಗೆ ಬಿಳಿ ಹೊಗೆ ಎದ್ದಿತು. ಹೊಗೆ ಇಳಿದಾಗ ಕಣಿವೆಯ ಬುಡದ ಪೊದೆಗಳು ಕಾಣಲಿಲ್ಲ. ಮಗಳು ಹೊರಗೆ ಬಂದು, ಗಡಿಯಾರ ನೋಡಿ, ಎಷ್ಟು ಹೊತ್ತಿಗೆ, ಯಾವ ದಿಕ್ಕಿನ ಇಳಿಜಾರು ಎಂದು ಪುಸ್ತಕದಲ್ಲಿ ಬರೆದುಕೊಂಡು ಒಳಗೆ ಹೋದಳು.

ಅದರ ಮರುದಿನ ಅವಳು ಮತ್ತೆ ಗುಂಡಿ ತೋಡಿ ನೋಡಿದಳು. ಹೊರಡಬಹುದು, ಆದರೆ ಮೊದಲಿನ ಶಿಖರಕ್ಕಲ್ಲ, ಅದು ಈ ಸಲ ಇಲ್ಲ. ಕಾಡು ತುಂಬಿದ ಬೆಟ್ಟದ ಬೆನ್ನಿನ ಮೇಲೆ, ಏರು ಕಡಿಮೆ ಇರುವ ಒಂದು ಬೋಳುಗುಡ್ಡಕ್ಕೆ. ಹನ್ನೊಂದು ಗಂಟೆಗೆ ಎಲ್ಲಿದ್ದರೂ ವಾಪಸ್, ಬಿಸಿಲು ಹಿಮವನ್ನು ಮೆದು ಮಾಡುವ ಮೊದಲು. ಬೆಳಕು ಹರಿಯುತ್ತಲೇ ಹೊರಟೆವು. ಏನು ನಡಿಗೆ ಅದು! ಕಾಲಡಿ ಕರಕರ, ಮೂಗಿನ ತುದಿ ಕಚ್ಚುವ ಚಳಿ, ಮರಗಳಿಂದ ಉದುರುವ ಹೊಳೆಯುವ ಪುಡಿ. ಟೀಚರ್ ಮಂಡಿ ಮರೆತು ಎಲ್ಲರಿಗಿಂತ ಮುಂದೆ. ನಾನಂತೂ ಹದಿನಾರರ ಹುಡುಗಿ.

ಬೋಳುಗುಡ್ಡದ ನೆತ್ತಿ ಕಣ್ಣೆದುರೇ ಇತ್ತು, ಹದಿನೈದು ನಿಮಿಷದ ದಾರಿ. ನನ್ನ ಕೈಗಡಿಯಾರ ಹನ್ನೊಂದು ತೋರಿಸಿತು. ಮಗಳು ಹಿಂದಿದ್ದಳು, ಇನ್ನೂ ಏನೂ ಹೇಳಿರಲಿಲ್ಲ. ನಾನು ನಿಂತೆ, ತಿರುಗಿದೆ, ಇಳಿಯಲು ಶುರುಮಾಡಿದೆ.

"ಏಯ್, ಎಲ್ಲಿಗೆ? ಅದೋ ಅಲ್ಲೇ ಇದೆ ನೆತ್ತಿ!" ಎಂದು ಕೂಗಿದಳು ಕೋಪರಿಯ ಅಕ್ಕ.

"ಹನ್ನೊಂದಾಯ್ತು."

"ಹದಿನೈದೇ ನಿಮಿಷ! ನೀನಾ ಇದು ಹೇಳೋದು?"

"ನಾನೇ," ಎಂದೆ. "ಇಳಿ."

ಅವಳು ಒಂದು ಗಳಿಗೆ ನೆತ್ತಿ ನೋಡಿದಳು, ಒಂದು ಗಳಿಗೆ ನನ್ನನ್ನು. ಆಮೇಲೆ ನನ್ನ ಹಿಂದೆಯೇ ಇಳಿದು ಬಂದಳು. ಓರಗಿತ್ತಿಯರೂ, ಟೀಚರ್ ಕೂಡ. ಮಗಳು ದಾರಿ ಬಿಟ್ಟು ಪಕ್ಕಕ್ಕೆ ನಿಂತು, ನಾವು ಒಬ್ಬೊಬ್ಬರಾಗಿ ದಾಟುವಾಗ ಎಂದಿನಂತೆ ಎಣಿಸಿ, ಭಯ್ಯಾನ ಜೊತೆ ಕೊನೆಗೆ ಹೊರಟಳು.